ಚಾಣದ ಕೊನೆಯ ಮರಿ ಮತ್ತು ನಿನ್ನ ಊಟದ ಡಬ್ಬಿ

ಪ್ರೀತಿಯ ತಮ್ಮನಿಗೆ,

ಮೊದಲು ಡಬ್ಬಿ ಹುಡುಕುವುದನ್ನು ನಿಲ್ಲಿಸು. ನಿನ್ನ ಮಗಳು ಇವತ್ತು ಬರಿಗೈಯಲ್ಲಿ ಬಂದಿದ್ದಾಳೆ, ಈ ಕಾಗದ ಬಿಟ್ಟರೆ ಅವಳ ಹತ್ತಿರ ಏನೂ ಇಲ್ಲ. ಅವಳ ಮೇಲೆ ರೇಗಬೇಡ, ನಾನು ಹೇಳಿದಂತೆ ಮಾಡಿದ್ದಾಳೆ ಅಷ್ಟೆ. ಊಟ ಎಲ್ಲಿದೆ ಎಂಬುದು ಕೊನೆಯ ಹಾಳೆಯಲ್ಲಿದೆ. ಹಾಗೆಂದು ಕೊನೆಯ ಹಾಳೆಯನ್ನೇ ಮೊದಲು ಓದಿದರೆ ಕಿವಿ ಹಿಂಡುತ್ತೇನೆ. ನಿನ್ನ ತಲೆ ಬೆಳ್ಳಗಾಗಿರಬಹುದು, ಕಿವಿ ಇನ್ನೂ ಅದೇ ಕಿವಿ.

ಎದುರಿಗೆ ಬಂದು ಹೇಳಬಹುದಿತ್ತಲ್ಲ ಎನ್ನಬೇಡ. ಹೋದ ಸಲ ಎದುರಿಗೆ ಬಂದು ಹೇಳಿದೆನಲ್ಲ, ಏನಾಯಿತು? ನನ್ನ ದನಿ ಕೇಳಿ ಪಕ್ಕದ ಮಂಚದವನು ಹೊದಿಕೆ ಮುಖದ ಮೇಲೆಳೆದುಕೊಂಡ, ಆ ನರ್ಸಮ್ಮ ನನ್ನ ಮೊಣಕೈ ಹಿಡಿದು, "ಅಜ್ಜಿ, ಇಲ್ಲಿ ಬೇರೆಯವರೂ ಮಲಗಿದ್ದಾರೆ" ಎಂದು ವಾರ್ಡಿನ ಬಾಗಿಲಾಚೆ ಬಿಟ್ಟುಬಂದಳು. ಹೊರಗೆ ಹಾಕಿದ್ದಕ್ಕಿಂತ ಅಜ್ಜಿ ಅಂದದ್ದು ಹೆಚ್ಚು ಉರಿಯಿತು. ಅದಕ್ಕೇ ಕಾಗದ. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಮೇಷ್ಟ್ರು ಬೆತ್ತ ಎತ್ತಿದ್ದಕ್ಕೆ ಸ್ಲೇಟು ಅವರ ಮೇಜಿನ ಮೇಲೆ ಕುಕ್ಕಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒತ್ತು ದೀರ್ಘ ಎಲ್ಲಾದರೂ ಬಿಟ್ಟಿದ್ದರೆ ನೀನೇ ಹಾಕಿಕೊಂಡು ಓದು. ಮಲಗಿದ್ದೀಯಲ್ಲ, ಬೇರೇನು ಕೆಲಸ.

ಅವತ್ತು ನಾನು ಕೂಗಾಡಿದ್ದು ಯಾಕೆ ಎಂದು ಈಗ ಸಮಾಧಾನದಿಂದ ಹೇಳುತ್ತೇನೆ. ತೊಡೆಯ ಮೂಳೆಗೆ ರಾಡು ಹಾಕಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಮೂಳೆ ಕೂಡುತ್ತಿದೆ, ಅದರ ಚಿಂತೆ ಇಲ್ಲ, ಆದರೆ ಈಗ ಎದ್ದು ಕಾಲೂರದಿದ್ದರೆ ಈ ಮನುಷ್ಯನನ್ನು ಮಂಚವೇ ಇಟ್ಟುಕೊಂಡುಬಿಡುತ್ತದೆ. ನಾನು ಒಳಗೆ ಬಂದು ಎದ್ದೇಳು ಎಂದೆ. ನೀನು ಗೋಡೆ ಕಡೆ ಮುಖ ಮಾಡಿಕೊಂಡು, "ಬಿದ್ದೋನು ಬಿದ್ದ, ಬಿಟ್ಬಿಡು ಅಕ್ಕ" ಅಂದೆ. ಆಮೇಲೆ ಗೋಡೆಗೇ ಹೇಳುವಂತೆ, "ಗೂಡು ಇಳಿಸಿದ್ರಾ?" ಅಂತ ಕೇಳಿದೆ.

ನನ್ನ ಬಳಿ ಅವತ್ತು ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ಕೂಗುತ್ತೇನೆ. ಈಗ ಉತ್ತರ ಇದೆ. ಆದರೆ ಅದನ್ನು ನನ್ನ ಕ್ರಮದಲ್ಲೇ ಹೇಳುವವಳು ನಾನು.

ನೀನು ಏಣಿಯಿಂದ ಬಿದ್ದ ಮಧ್ಯಾಹ್ನದಿಂದ ಶುರು ಮಾಡುತ್ತೇನೆ. ನಮ್ಮ ಬಯಲಿನಲ್ಲಿ ಎಂಜಿನ್ನಿಲ್ಲದ ವಿಮಾನಗಳನ್ನಿಡುವ ಗ್ಲೈಡರ್ ಶೆಡ್ಡಿನ ನೆತ್ತಿಯಲ್ಲಿ ನೀನು ಮೊಳೆ ಹೊಡೆದ ಆ ಹಳೆಯ ಮರದ ಪೆಟ್ಟಿಗೆಯೊಳಗೆ ಮರಿ ಎಷ್ಟಿವೆ ಎಂದು ನೋಡಲು, ಗಡ್ಡ ಹೆರೆಯುವ ಕನ್ನಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹತ್ತಿದ್ದೆ. ಆ ಇಲಿ ಹಿಡಿಯುವ ಹಕ್ಕಿ, ಹೆಣ್ಣು ಚಾಣ, ಪೆಟ್ಟಿಗೆಯಿಂದ ಬಾಣದ ಹಾಗೆ ಹೊರಬಿತ್ತು, ನೀನು ತಲೆ ತಗ್ಗಿಸಿದೆ, ಏಣಿ ಜಾರಿತು. ಕನ್ನಡಿಗೆ ಏನೂ ಆಗಲಿಲ್ಲ. ಗ್ಲೈಡರ್ ಶಾಲೆಯ ಮ್ಯಾನೇಜರ್ ಓಡಿಬಂದು ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಿನಗೆ ನೆನಪಿರಲಿಕ್ಕಿಲ್ಲ. ಆ ನೋವಿನಲ್ಲೂ, "ನಾಲ್ಕು ಮರಿ ಇದೆ ಸಾರ್" ಅಂದೆಯಂತೆ. ಅವನು ಅದನ್ನು ಹೇಳಿ ಹೇಳಿ ನಗುತ್ತಾನೆ, ನಗುತ್ತಾ ಕಣ್ಣೊರೆಸಿಕೊಳ್ಳುತ್ತಾನೆ. ಕೆಟ್ಟವನಲ್ಲ. ಆದರೆ ಆಂಬುಲೆನ್ಸು ಗೇಟು ದಾಟಿದ ಮೇಲೆ ಅವನು ನನ್ನ ಟ್ರ್ಯಾಕ್ಟರ್ ಬಳಿ ಬಂದು ನಿಂತ. ಏಣಿಯ ವಿಷಯ ಹಾಗಿರಲಿ, ಆ ಗಂಡು ಹಕ್ಕಿ ರನ್‌ವೇ ಮೇಲೇ ಬೇಟೆ ಆಡುತ್ತಿದೆ, ಇಳಿಯುವ ಗ್ಲೈಡರಿಗೆ ಬಡಿದರೆ ಹಕ್ಕಿಯೂ ಹೋಗುತ್ತದೆ, ಒಳಗೆ ಕೂತ ಕಲಿಯುವ ಮಕ್ಕಳ ಗತಿಯೂ ಹೇಳಲಾಗದು. ಇನ್ನು ರನ್‌ವೇ ಮೇಲೆ ಕಂಡರೆ ಪೆಟ್ಟಿಗೆ ಇಳಿಸಿ ಮರಿಗಳನ್ನು ಪ್ರಾಣಿಗಳ ಆಸ್ಪತ್ರೆಗೆ ಕೊಡುತ್ತೇನೆ ಅಂದ. ನಾನು ಜಗಳಕ್ಕೆ ಬಾಯಿ ತೆರೆದೆ. ಆದರೆ ಅವನು ಹೇಳಿದ್ದರಲ್ಲಿ ಹಿಡಿಯಲು ಒಂದು ತಪ್ಪೂ ಸಿಗಲಿಲ್ಲ. ಅದಕ್ಕಿಂತ ಸಿಟ್ಟು ಬರಿಸುವ ಸಂಗತಿ ಲೋಕದಲ್ಲಿ ಇನ್ನೊಂದಿಲ್ಲ.

ನೀನು ಇಷ್ಟು ವರ್ಷ ವಿಂಚ್ ಪಕ್ಕ ಕೂತು ಗ್ಲೈಡರುಗಳನ್ನು ಹಗ್ಗ ಎಳೆದು ಮೇಲೆ ಕಳಿಸುತ್ತಾ, ನಡುನಡುವೆ ಕತ್ತೆತ್ತಿ ಆ ಹಕ್ಕಿಯನ್ನು ನೋಡುತ್ತಿದ್ದೆ. ನಾನು ನೋಡುತ್ತಿದ್ದುದು ಹುಲ್ಲು. ಹುಲ್ಲು ಕತ್ತರಿಸುವವಳಿಗೆ ಆಕಾಶ ಯಾಕೆ? ಪಾರಿವಾಳದಷ್ಟೂ ಇಲ್ಲದ ಗಂಡಿಗೆ ನೀನು ಯಜಮಾನ್ರು ಎಂದು ಹೆಸರಿಟ್ಟು, ಹೆಣ್ಣಿಗೆ ಅಮ್ಮಾವ್ರು ಎಂದು ಕರೆದು, ನಾನು ತಿಂಡಿ ಬಿಚ್ಚುವ ಹೊತ್ತಿಗೇ ಶೆಡ್ಡಿನ ಕೆಳಗೆ ಬಿದ್ದ ಕೂದಲು ಮೂಳೆಯ ಉಂಡೆ ತಂದು, "ನೋಡಕ್ಕ, ಯಜಮಾನ್ರು ಅರಗದ್ದನ್ನ ಹೀಗೆ ಉಂಡೆ ಕಟ್ಟಿ ಉಗೀತಾರೆ" ಎಂದು ತೋರಿಸುತ್ತಿದ್ದೆ. ನಾನು ತಿಂಡಿ ಮುಚ್ಚಿಟ್ಟು ಬೈಯುತ್ತಿದ್ದೆ. ಈಗ ನೀನಿಲ್ಲ, ನೋಡುವ ಕೆಲಸ ನನ್ನ ಪಾಲಿಗೆ ಬಂತು.

ನೋಡಿದೆ. ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿದೆ. ಬೂದಿ ಬಣ್ಣದ ತಲೆ, ಇಟ್ಟಿಗೆ ಬಣ್ಣದ ಬೆನ್ನು, ಬಾಲದ ತುದಿಗೆ ಕಾಡಿಗೆ ಎಳೆದ ಹಾಗೆ ಒಂದು ಪಟ್ಟಿ. ಗಾಳಿಗೆ ಎದುರಾಗಿ ನಿಂತು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ಪಟಪಟ ಬಡಿಯುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತುಬಿಡುತ್ತದೆ. ಮೈಯೆಲ್ಲ ಅಲ್ಲಾಡುತ್ತದೆ, ತಲೆ ಮಾತ್ರ ಗೋಡೆಗೆ ಹೊಡೆದ ಮೊಳೆ. ಆಮೇಲೆ ಮೆಟ್ಟಿಲು ಇಳಿದ ಹಾಗೆ ಒಂದಿಷ್ಟು ಕೆಳಗೆ ಬಂದು ಮತ್ತೆ ನಿಲ್ಲುತ್ತದೆ, ಇನ್ನೊಂದು ಮೆಟ್ಟಿಲು, ಕೊನೆಗೆ ದೊಪ್ಪೆಂದು ಹುಲ್ಲಿನೊಳಗೆ. ಎದ್ದಾಗ ಕಾಲಲ್ಲಿ ಇಲಿ. ಅದನ್ನು ತಂದು ಶೆಡ್ಡಿನ ಮೂಲೆಯಲ್ಲಿ ಕೂತು ಕೀ ಕೀ ಎಂದು ಕರೆದರೆ ಅಮ್ಮಾವ್ರು ಹೊರಗೆ ಬಂದು ಕಿತ್ತುಕೊಂಡು ಒಳಗೆ ಹೋಗುತ್ತಾಳೆ. ಒಂದು ಒಳ್ಳೆ ಮಾತಿಲ್ಲ, ಏನಿಲ್ಲ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅಲ್ಲಿಯೇ.

ಹೊಟ್ಟೆ ತುಂಬಿದ ಮೇಲೂ ಅದು ಬೇಟೆ ನಿಲ್ಲಿಸುವುದಿಲ್ಲ, ಗೊತ್ತಾ? ಹೆಚ್ಚಾದ ಇಲಿಯನ್ನು ಹುಲ್ಲಿನ ಬುಡಕ್ಕೆ ತುರುಕಿ, ಸುತ್ತ ಒಂದು ಸಲ ನೋಡಿ, ಕಳ್ಳನ ಹಾಗೆ ಹಾರಿಹೋಗುತ್ತದೆ. ಸಂಜೆ ನೆಟ್ಟಗೆ ಅದೇ ಬುಡಕ್ಕೆ ಬಂದು ತೆಗೆದುಕೊಳ್ಳುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ನೀನು ಮನೆಯೆಲ್ಲ ಹುಡುಕಿಸುತ್ತೀಯಲ್ಲ, ಅದರಿಂದ ಕಲಿ.

ಆದರೆ ಅದು ಬೇಟೆ ಆಡುತ್ತಿದ್ದುದು ರನ್‌ವೇ ಮೇಲೇ. ಅದಕ್ಕೆ ನಾನೇನು ಮಾಡಿದೆ ಹೇಳಲಾ? ಮೊದಲು ನಿನ್ನ ಹಳೆಯ ಕೋಟನ್ನು ಬಡಿಗೆಗೆ ತೊಡಿಸಿ ರನ್‌ವೇ ಅಂಚಿನಲ್ಲಿ ಬೆದರುಬೊಂಬೆ ನಿಲ್ಲಿಸಿದೆ. ಯಜಮಾನ್ರು ಬಂದು ಅದರ ತಲೆಯ ಮೇಲೇ ಕೂತರು. ಅಲ್ಲಿಂದ ಇಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಅನ್ನಿಸುತ್ತದೆ. ಕೋಟಿನ ಹೆಗಲು ಏನಾಗಿದೆ ಎಂದು ಕೇಳಬೇಡ, ಒಗೆದಿದ್ದೇನೆ, ಹೋಗಿಲ್ಲ.

ಸಿಟ್ಟು ಬಂತು. ಹುಲ್ಲಿದ್ದರೆ ತಾನೆ ಇಲಿ, ಇಲಿ ಇದ್ದರೆ ತಾನೆ ಹಕ್ಕಿ ಎಂದುಕೊಂಡು ಕತ್ತರಿಸುವ ಅಲಗನ್ನು ಇಳಿಯುವಷ್ಟು ಇಳಿಸಿ ರನ್‌ವೇಯನ್ನೂ ಎರಡೂ ಅಂಚನ್ನೂ ಬೋಳಿಸಿಬಿಟ್ಟೆ. ನೆಲ ಕ್ಷೌರ ಮಾಡಿದ ಗಲ್ಲದ ಹಾಗಾಯಿತು. ಮ್ಯಾನೇಜರನ್ನು ಕರೆದು, "ನೋಡಿ, ಇನ್ನು ಬಂದರೆ ಹೇಳಿ" ಅಂದೆ. ನಾವಿಬ್ಬರೂ ಅಲ್ಲಿ ನಿಂತಿದ್ದಾಗಲೇ ಬಂತು. ಬರಿ ಗಂಡಲ್ಲ, ಅಮ್ಮಾವ್ರೂ ಬಂದಳು. ಬೋಳು ನೆಲದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಓಡುವ ಇಲಿಗೆ ಮರೆಯೇ ಇಲ್ಲ, ತಟ್ಟೆಯಲ್ಲಿ ಬಡಿಸಿದ ಹಾಗೆ ಕಾಣುತ್ತದೆ. ನೋಡುತ್ತಿದ್ದಂತೆ ಎರಡು ಇಲಿ ಹೋದವು. ಅದೇ ಹೊತ್ತಿಗೆ ಒಂದು ಗ್ಲೈಡರ್ ಇಳಿಯಲು ಬಂತು, ಯಜಮಾನ್ರು ಅದರ ಮೂಗಿನ ಮುಂದೆಯೇ ಎದ್ದು ಪಕ್ಕಕ್ಕೆ ಸರಿದರು. ರೆಕ್ಕೆ ತುದಿಗೂ ಹಕ್ಕಿಗೂ ನಡುವೆ ಒಂದು ಛತ್ರಿ ಹಿಡಿಯುವಷ್ಟು ಜಾಗವೂ ಇರಲಿಲ್ಲ. ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಹೋಗಿ ಏಣಿ ತಂದು ಶೆಡ್ಡಿಗೆ ಒರಗಿಸಿದ.

ನಾನು ಟ್ರ್ಯಾಕ್ಟರ್ ತಂದು ಏಣಿಯ ಮುಂದೆ ಅಡ್ಡ ನಿಲ್ಲಿಸಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ.

"ಅಮ್ಮ, ಗಾಡಿ ತೆಗೀರಿ" ಅಂದ.

"ತೆಗೆಯಲ್ಲ. ಹಕ್ಕಿ ಕರೆದದ್ದು ನಾನು, ಕಳಿಸೋದೂ ನಾನೇ. ವಾರ ಕೊಡಿ" ಅಂದೆ.

ಹಾಗೆ ಅಂದುಬಿಟ್ಟ ಮೇಲೆ ನನಗೇ ಅರ್ಥವಾಯಿತು, ನಾನು ಹೇಳಿದ್ದು ನಿಜ ಎಂದು. ಇಷ್ಟು ವರ್ಷ ನಾನು ಟ್ರ್ಯಾಕ್ಟರ್ ಓಡಿಸುತ್ತಿದ್ದಾಗಲೆಲ್ಲ ಬೆನ್ನ ಹಿಂದೆ ಆ ಹಕ್ಕಿ ಬರುತ್ತಿತ್ತು. ನೀನು ಅದಕ್ಕೆ ನನ್ನ ಮೇಲೆ ಪ್ರೀತಿ ಎಂದು ಗೇಲಿ ಮಾಡುತ್ತಿದ್ದೆ. ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ನಾನು ಎಲ್ಲಿ ಕತ್ತರಿಸಿದರೆ ಅಲ್ಲಿ ಅದಕ್ಕೆ ಊಟ. ಎತ್ತರದ ಹುಲ್ಲಿನಲ್ಲಿ ಇಲಿ ವಾಸ, ಗಿಡ್ಡ ಹುಲ್ಲಿನಲ್ಲಿ ಇಲಿ ಸಾವು, ಇವೆರಡೂ ಸೇರುವ ಅಂಚಿನಲ್ಲಿ ಯಜಮಾನ್ರ ಅಂಗಡಿ. ಆ ಅಂಗಡಿಯನ್ನು ರನ್‌ವೇ ಪಕ್ಕ ತೆರೆದುಕೊಟ್ಟವಳು ನಾನು.

ಸರಿ, ಅಂಗಡಿ ಎತ್ತಿಸಿದೆ. ರನ್‌ವೇ ಎರಡೂ ಪಕ್ಕದ ಅಂಚಿಗೆ ಮತ್ತೆ ಅಲಗು ತಾಗಿಸಲೇ ಇಲ್ಲ, ಇಲಿಗೆ ಮರೆಯಾಗಲಿ ಎಂದು ಕತ್ತರಿಸಿದ್ದ ಹುಲ್ಲನ್ನೇ ಅದರ ಮೇಲೆ ಹೊದಿಸಿ ಬೆಳೆಯಲು ಬಿಟ್ಟೆ. ನಡುವಿನ ಪಟ್ಟಿಯನ್ನೂ ಗ್ಲೈಡರಿಗೆ ಬೇಕಾದಷ್ಟೇ ಕತ್ತರಿಸಿದೆ, ಗಲ್ಲ ಕಾಣುವಂತೆ ಅಲ್ಲ. ನಿನ್ನ ವಿಂಚ್ ಶೆಡ್ಡಿನ ಹಿಂದೆ ಯಾರೂ ಕಾಲಿಡದ ಬಯಲಿದೆಯಲ್ಲ, ಅಲ್ಲಿ ಒಂದು ಪಟ್ಟಿ ಬೋಳು, ಒಂದು ಪಟ್ಟಿ ಎತ್ತರ, ಮತ್ತೆ ಬೋಳು, ಮತ್ತೆ ಎತ್ತರ, ಹೀಗೆ ಜಮಖಾನದ ಹಾಗೆ ಕತ್ತರಿಸಿದೆ. ಗಾಳಿ ಇಲ್ಲದ ದಿನ ಅದಕ್ಕೆ ಆಕಾಶದಲ್ಲಿ ನಿಲ್ಲಲಾಗುವುದಿಲ್ಲ, ಕೂತು ಕಾಯಲು ಎತ್ತರ ಬೇಕು. ಅದಕ್ಕೆ ಕಂಬಗಳನ್ನು ನೆಟ್ಟೆ. ಗುಂಡಿ ತೋಡಿದ್ದು ಮ್ಯಾನೇಜರ್. ಅಂಗಿ ತೋಳು ಮಡಿಚಿ ಬಂದು, "ಕೊಡಿ ಇಲ್ಲಿ, ನಿಮ್ಮ ಸೊಂಟವೂ ಹೋದರೆ ನಾನು ಯಾರಿಗಂತ ಡಬ್ಬಿ ಕಳಿಸಲಿ" ಎಂದು ಹಾರೆ ಕಿತ್ತುಕೊಂಡ. ಗುಂಡಿಗಳು ಸೊಟ್ಟ. ಕಂಬಗಳೂ ಸೊಟ್ಟ. ಹಕ್ಕಿ ಮಟ್ಟಗೋಲು ತರುವುದಿಲ್ಲ ಎಂದು ಬಿಟ್ಟೆ.

ಆ ವಾರ ನಾನು ನಿನ್ನನ್ನು ನೋಡಲು ಬರಲಿಲ್ಲ, ಮಗಳ ಕೈಯಲ್ಲಿ ಡಬ್ಬಿ ಮಾತ್ರ ಕಳಿಸಿದೆ. ಅಕ್ಕನಿಗೆ ಸಿಟ್ಟು ಇಳಿದಿಲ್ಲ ಎಂದು ನೀನು ತಿಳಿದಿರಬೇಕು. ಸಿಟ್ಟಲ್ಲ ಪುಣ್ಯಾತ್ಮ. ನಾನು ಬಯಲಿನಲ್ಲಿ ಕೈ ಹಣೆಗೆ ಅಡ್ಡ ಹಿಡಿದು ನಿಂತಿದ್ದೆ. ಮೊದಲೆರಡು ದಿನ ಯಜಮಾನ್ರು ರನ್‌ವೇ ಅಂಚಿಗೇ ಬಂದು ನಿಂತು, ಕೆಳಗೆ ನೋಡಿ, ಏನೂ ಕಾಣದೆ, ಜಾಗ ಬದಲಿಸಿ, ಮತ್ತೆ ನೋಡಿ, ಬಾಗಿಲು ಹಾಕಿದ ಅಂಗಡಿ ಮುಂದೆ ಚೀಲ ಹಿಡಿದ ಗಿರಾಕಿಯ ಹಾಗೆ ಅಲೆದರು. ಮ್ಯಾನೇಜರ್ ಶೆಡ್ಡಿನ ನೆರಳಿನಲ್ಲಿ ನಿಂತು ಅದನ್ನೂ ನೋಡುತ್ತಿದ್ದ, ಏಣಿಯನ್ನೂ ನೋಡುತ್ತಿದ್ದ. ಆಮೇಲೊಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹಿಂದಿನ ಬಯಲಿನ ಅತಿ ಸೊಟ್ಟ ಕಂಬದ ಮೇಲೆ ಬೂದಿ ತಲೆ ಕೂತಿತ್ತು. ತಲೆ ಎರಡು ಸಲ ಮೇಲೆ ಕೆಳಗೆ ಆಡಿಸಿತು, ಜಾರಿತು, ಇಲಿ ಎತ್ತಿತು. ಅವತ್ತು ಸಂಜೆವರೆಗೆ ರನ್‌ವೇ ಮೇಲೆ ಒಂದು ಸಲವೂ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಮುಗಿದ ದಿನ ಮ್ಯಾನೇಜರ್ ಏಣಿಯನ್ನು ಹೆಗಲಿಗೆ ಹಾಕಿಕೊಂಡು ಉಗ್ರಾಣದಲ್ಲಿಟ್ಟು ಬೀಗ ಹಾಕಿದ. ಬೀಗದ ಕೈ ನನಗೆ ಕೊಟ್ಟ.

ನಿನ್ನ ಪ್ರಶ್ನೆಗೆ ಉತ್ತರ ಇದು. ಗೂಡು ಇಳಿಸಲಿಲ್ಲ. ಇಳಿಸಲು ಬಿಡಲಿಲ್ಲ.

ಇನ್ನು ಮರಿಗಳ ಸುದ್ದಿ. ನಾಲ್ಕೂ ಬದುಕಿದವು, ನಿನ್ನ ಕನ್ನಡಿ ಸುಳ್ಳು ಹೇಳಿರಲಿಲ್ಲ. ಬಿಳಿ ಹತ್ತಿ ಉಂಡೆಯಂತಿದ್ದ ಅವು ಕಂದು ಗರಿ ಮೂಡಿ, ಪೆಟ್ಟಿಗೆಯ ಬಾಯಿಗೆ ಬಂದು, ಬಾಲ ಹೊರಗೆ ಮಾಡಿ ಶೆಡ್ಡಿನ ಗೋಡೆಗೆಲ್ಲ ಸುಣ್ಣ ಹೊಡೆದವು. ಹೊಸದಾಗಿ ಬಣ್ಣ ಬಳಿದ ಗೋಡೆ. ಮ್ಯಾನೇಜರ್ ಹಲ್ಲು ಕಚ್ಚಿಕೊಂಡ. ಒಂದು ಬೆಳಿಗ್ಗೆ ಮೊದಲನೆಯದು ಹಾರಿತು, ಮಧ್ಯಾಹ್ನ ಎರಡನೆಯದು, ಮಾರನೆ ದಿನ ಮೂರನೆಯದು. ನಾಲ್ಕನೆಯದು ಹಾರಲಿಲ್ಲ.

ಅದರ ಬಗ್ಗೆ ಗಮನ ಕೊಟ್ಟು ಓದು, ನಿನಗೆ ಬೇಕಾದದ್ದೇ. ನಾಲ್ಕನೆಯದು ಎಲ್ಲಕ್ಕಿಂತ ದಪ್ಪ. ಉಳಿದ ಮೂರೂ ಹೋದ ಮೇಲೆ ಪೆಟ್ಟಿಗೆಯೆಲ್ಲ ತನ್ನದೇ, ಬಂದ ಇಲಿಯೆಲ್ಲ ತನಗೇ. ಬಾಯಿಗೆ ಬರುತ್ತಾ ಇತ್ತು, ತಿನ್ನುತ್ತಾ ಇತ್ತು. ರೆಕ್ಕೆಗೆ ಏನೂ ಆಗಿರಲಿಲ್ಲ, ಬಾಗಿಲಲ್ಲಿ ನಿಂತು ಒಂದೆರಡು ಸಲ ಬಡಿಯುತ್ತಿತ್ತು, ಕೆಳಗೆ ನೋಡುತ್ತಿತ್ತು, ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂರುತ್ತಿತ್ತು. ಹೌದಪ್ಪ, ಗೋಡೆ ಕಡೆ. ನಾನೇನು ಕಟ್ಟಿ ಹೇಳುತ್ತಿಲ್ಲ, ನಿನ್ನ ಮಗಳೂ ನೋಡಿದ್ದಾಳೆ, ಕೇಳು.

ಆಗ ಅಮ್ಮಾವ್ರು ಏನು ಮಾಡಿದಳು ಗೊತ್ತಾ? ಬಯ್ಯಲಿಲ್ಲ, ಕೂಗಾಡಲಿಲ್ಲ, ನೂಕಲೂ ಇಲ್ಲ. ಪೆಟ್ಟಿಗೆಗೆ ಊಟ ತರುವುದನ್ನು ನಿಲ್ಲಿಸಿದಳು. ಇಲಿ ಹಿಡಿದು ತಂದು, ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲದ ಕಂಬವಿದೆಯಲ್ಲ, ಪೆಟ್ಟಿಗೆಗೆ ಎದುರಾಗಿ, ಅದರ ತುದಿಯಲ್ಲಿ ಕೂತಳು. ಇಲಿ ಕಾಲಲ್ಲಿ ಮರಿಗೆ ಕಾಣುವಂತೆ. ಮರಿ ಅತ್ತಿತು ಅಂದರೆ ಅತ್ತಿತು. ಬಯಲಿಗೆಲ್ಲ ಕೇಳುವಂತೆ ಕಿರುಚಿತು. ಅವಳು ಕದಲಲಿಲ್ಲ. ಒಂದು ಸಲ ಹತ್ತಿರ ಹಾರಿಬಂದಳು, ಮರಿ ಬಾಯಿ ತೆರೆಯಿತು, ಪೆಟ್ಟಿಗೆಯ ಮುಂದಿನಿಂದಲೇ ಹಾದು ಇಲಿಯನ್ನು ಹಾಗೇ ತೆಗೆದುಕೊಂಡು ಹೋಗಿ ಮತ್ತೆ ಕಂಬದ ಮೇಲೆ ಕೂತಳು. ಏನು ಹೆಂಗಸಪ್ಪ ಇವಳು ಎಂದು ನಾನೇ ಟ್ರ್ಯಾಕ್ಟರ್ ಮೇಲಿಂದ ಬೈದೆ. ಮ್ಯಾನೇಜರ್ ಮೆಲ್ಲಗೆ, "ಮರಿ ಇಳಿಸಿ ಆಸ್ಪತ್ರೆಗೆ ಕೊಡೋಣವಾ ಅಮ್ಮ, ಹಸಿದು ಸತ್ತುಹೋಗತ್ತೆ" ಅಂದ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕೈ ಜೇಬಿಗೆ ಹೋಯಿತು ಕೂಡ. ಅಷ್ಟರಲ್ಲಿ ಅವಳ ಮುಖ ನೋಡಿದೆ. ಇಷ್ಟು ಹೊತ್ತಾದರೂ ಅವಳು ಆ ಇಲಿಯನ್ನು ತಾನೂ ಒಂದು ತುತ್ತು ತಿಂದಿರಲಿಲ್ಲ. ನಾನು ಕೈ ಹೊರಗೆ ತೆಗೆದೆ.

ನಿನ್ನೆ ಬಿಸಿಲು ಏರುವ ಹೊತ್ತಿಗೆ ಗಾಳಿ ಎದ್ದಿತು. ಬಟ್ಟೆ ಚೀಲ ತುಂಬಿಕೊಂಡು ನೆಟ್ಟಗಾಯಿತು. ಕಲಿಯುವ ಮಕ್ಕಳೆಲ್ಲ ಗ್ಲೈಡರ್ ತಳ್ಳುವುದು ಬಿಟ್ಟು ಶೆಡ್ಡಿನ ಮುಂದೆ ನಿಂತಿದ್ದರು. ದಪ್ಪನೆಯದು ಬಾಗಿಲಿಗೆ ಬಂತು. ಒಂದು ಕಾಲು ಅಂಚಿಗೆ ಇಟ್ಟಿತು, ಹಿಂದೆ ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ, ಹಾರಿತು ಎನ್ನಲಾರೆ, ಬಿತ್ತು. ಕಲ್ಲಿನ ಹಾಗೆ ಕೆಳಗೆ ಬಂತು. ನನ್ನ ಕಣ್ಣಿಗೆ ಹಕ್ಕಿ ಕಾಣಲಿಲ್ಲ ಕಣೋ, ಏಣಿಯಿಂದ ಬೀಳುತ್ತಿದ್ದ ನೀನು ಕಂಡೆ. ನೆಲ ಇನ್ನೇನು ಸಿಕ್ಕಿತು ಅನ್ನುವಾಗ ಎರಡೂ ರೆಕ್ಕೆ ತಟ್ಟನೆ ಬಿಚ್ಚಿಕೊಂಡವು. ಗಾಳಿ ಅದನ್ನು ಅಂಗೈಯಲ್ಲಿ ಎತ್ತಿಕೊಂಡಿತು. ಹುಲ್ಲಿನ ತುದಿ ಸವರುತ್ತಾ ಹೋಯಿತು, ಏರಿತು, ಓಲಾಡಿತು, ಮತ್ತೆ ಏರಿತು. ಹೋಗಿದ್ದೆಲ್ಲಿಗೆ? ನೆಟ್ಟಗೆ ರನ್‌ವೇ ಮೇಲೆ. ನಟ್ಟನಡುವೆ, ಈ ತುದಿಯಿಂದ ಆ ತುದಿಗೆ, ಮೆರವಣಿಗೆ ಹೊರಟ ಹಾಗೆ. ನಾನು ಮ್ಯಾನೇಜರ್ ಕಡೆ ತಿರುಗಿದೆ. ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, "ನನಗೇನೂ ಕಾಣ್ತಿಲ್ಲ ಅಮ್ಮ, ಬಿಸಿಲು" ಅಂದ.

ಅದು ನಿನ್ನ ವಿಂಚ್ ಶೆಡ್ಡಿನ ಮೇಲೆ ಹೋಗಿ ಇಳಿಯಿತು. ಇಳಿಯುವುದು ಇನ್ನೂ ಬರುವುದಿಲ್ಲ, ತಗಡಿನ ಮೇಲೆ ಎದೆ ಕೊಟ್ಟು ಜಾರಿತು. ಆದರೂ ಎದ್ದು ನಿಂತಿತು, ಗರಿ ಕೊಡವಿಕೊಂಡಿತು, ತಾನೇ ಈ ಬಯಲಿನ ಒಡೆಯ ಅನ್ನುವ ಹಾಗೆ ಸುತ್ತ ನೋಡಿತು. ಅಮ್ಮಾವ್ರು ಆಗ ಕಂಬ ಬಿಟ್ಟಳು. ಇಲಿಯನ್ನು ತಂದು ಅದರ ಮುಂದಿಟ್ಟಳು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ, ನನ್ನ ಎರಡೂ ಕೈ ಮುಖದ ಮೇಲಿದ್ದವು. ಬಿಸಿಲಿಗೆ.

ಈಗ ದೊಡ್ಡವು ಮರಿಗಳು ಆರೂ ಸೇರಿ ಹಿಂದಿನ ಬಯಲಿನಲ್ಲಿ ಗಲಾಟೆ ಎಬ್ಬಿಸಿವೆ. ಮರಿಗಳು ಗಾಳಿಯಲ್ಲಿ ನಿಲ್ಲಲು ಕಲಿಯುತ್ತಿವೆ. ಒಂದು ಕ್ಷಣ ನಿಲ್ಲುತ್ತವೆ, ಆಮೇಲೆ ಕುಡಿದವರ ಹಾಗೆ ಪಕ್ಕಕ್ಕೆ ವಾಲುತ್ತವೆ. ಮಿಡತೆ ಹಿಡಿದರೂ ಆನೆ ಹಿಡಿದಷ್ಟು ಜಂಬ. ನೀನು ನೋಡಬೇಕು. ವಿಂಚ್ ಪಕ್ಕ ನಿನ್ನ ಕುರ್ಚಿ ಹಾಗೇ ಇದೆ. ಅದರ ಮೇಲೂ ಸುಣ್ಣ ಹೊಡೆದಿವೆ, ಒರೆಸಿಲ್ಲ, ಅದು ನಿನ್ನ ಕೆಲಸ.

ನೀನು ಹುಟ್ಟಿದಾಗಿನಿಂದಲೂ ತಡವೇ. ಓರಗೆಯ ಮಕ್ಕಳು ಓಡುವ ಕಾಲಕ್ಕೆ ನೀನು ಅಮ್ಮನ ಸೊಂಟದ ಮೇಲೆ ಕೂತು ಬೆರಳು ತೋರಿಸುತ್ತಿದ್ದೆ. ಅಮ್ಮ ಇಳಿಸಲಿಲ್ಲ, ನೀನು ಇಳಿಯಲಿಲ್ಲ. ಅಮ್ಮ ಹೋದ ಮೇಲೆ ಆ ಸೊಂಟ ನನ್ನದಾಯಿತು. ನಾನೂ ಇಳಿಸಲಿಲ್ಲ. ಇಷ್ಟು ದಿನ ದಿನಕ್ಕೆರಡು ಸಲ ನಿನ್ನ ಮಂಚದ ಪಕ್ಕಕ್ಕೇ ಬಿಸಿ ಡಬ್ಬಿ ಬಂತಲ್ಲ, ಅದೇ ಸೊಂಟ ಅದು.

ಇದೇ ನಾನು ಹೇಳಿದ ಕೊನೆಯ ಹಾಳೆ. ಗೋಡೆಯಿಂದ ಮುಖ ತಿರುಗಿಸು. ಕಿಟಕಿಯಿಂದ ಹೊರಗೆ ನೋಡು. ಅಂಗಳದಲ್ಲಿ ಮರದ ಕೆಳಗೆ ಬೆಂಚಿದೆ, ಬೆಂಚಿನ ಮೇಲೆ ನಾನಿದ್ದೇನೆ, ನನ್ನ ತೊಡೆಯ ಮೇಲೆ ಡಬ್ಬಿ ಇದೆ. ಇಲಿಯಲ್ಲ, ಹುರಿದ ಮೀನು, ನಿನಗೆ ಬೇಕಾದ ಹಾಗೆ ಅಂಚು ಗರಿಗರಿಯಾಗಿ. ನಾನೂ ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ. ಡಾಕ್ಟರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ನನ್ನನ್ನು ಹೊರಗೆ ಹಾಕಿದ ಆ ನರ್ಸಮ್ಮ ನೀನು ಊರಿಕೊಂಡು ನಡೆಯಲು ವಾಕರ್ ಹಿಡಿದು ನಿನ್ನ ಮಂಚದ ತುದಿಯಲ್ಲಿ ಈಗ ನಿಂತಿರುತ್ತಾಳೆ, ಅವಳೂ ನಾನೂ ಈಗ ಒಂದೇ ಕಡೆ. ನೀನು ಕಿರುಚಿದರೂ ಸರಿ, ಪಕ್ಕದ ಮಂಚದವನು ಹೊದಿಕೆ ಎಳೆದುಕೊಳ್ಳಲಿ. ನಾನು ಕದಲುವುದಿಲ್ಲ.

ಮೊದಲು ಬಿದ್ದ ಹಾಗೆಯೇ ಅನ್ನಿಸುತ್ತದೆ ತಮ್ಮ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಬಿಚ್ಚಿಕೊಳ್ಳುತ್ತದೆ.

ನಿನ್ನ ಕಾಲು ನಿನ್ನ ಮಾತು ಕೇಳಲಿ, ನೆಲ ನಿನಗೆ ಗಟ್ಟಿಯಾಗಿ ಸಿಗಲಿ, ನೂರು ಕಾಲ ನನ್ನಿಂದ ಬೈಸಿಕೊಂಡು ಬಾಳು. ಬೇಗ ಬಾ, ಮೀನು ಆರುತ್ತಿದೆ.

ಬೆಂಚಿನ ಮೇಲೆ ಕಾಯುತ್ತಿರುವ
ನಿನ್ನ ಅಕ್ಕ